ಎಂಟು ಬೈಬಲ್ಲಿನ ಭಾವ

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ! ಮೊದಲು ಕನ್ನಡಕ ಸರಿಯಿಲ್ಲ ಅಂದುಕೊಂಡೆ. ಕನ್ನಡಕ ಬದಲಾಯಿಸಿದೆ. ಆಮೇಲೆ ಪೆನ್ನು ಸರಿಯಿಲ್ಲ ಅನ್ನಿಸಿತು. ಅದನ್ನೂ ಬದಲಾಯಿಸಿದೆ. ಕೊನೆಗೆ ಕುರ್ಚಿಯ ಕಾಲು ಕುಂಟುತ್ತದೆ ಎಂದು ಬಡಗಿಯನ್ನು ಕರೆಸಿದೆ. ಅವನು ಬಗ್ಗಿ ನೋಡಿ, "ಕುರ್ಚಿ ನೆಟ್ಟಗೈತೆ ಸಾರ್, ನೀವೇ ವಾಲ್ಕೊಂಡು ಕೂತಿದೀರ" ಎಂದು ಹೇಳಿ, ಕಾಫಿ ಕುಡಿದು ಹೋದ. ಇನ್ನು ನೆಪ ಯಾವುದೂ ಉಳಿದಿಲ್ಲ. ಹೇಳಿಬಿಡುತ್ತೇನೆ. ನಮ್ಮ ಭಾವನಿಗೆ, ಅಂದರೆ ನಮ್ಮಕ್ಕನ ಗಂಡನಿಗೆ, ನಾನು ಒಂದು ತಪ್ಪು ಮಾಡಿದ್ದೆ. ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಹನ್ನೊಂದು ವರ್ಷ ಕೇಳಲಿಲ್ಲ.

ಆದರೆ ತಪ್ಪಿಗೆ ಬರುವ ಮುಂಚೆ ಮನುಷ್ಯನ ಪರಿಚಯ ಆಗಬೇಡವೇ? ಒಂದೇ ಪುಸ್ತಕವನ್ನು ಎಂಟು ಸಲ ಮನೆಗೆ ತಂದು, ಎಂಟೂ ಬೇರೆ ಬೇರೆ ಎಂದು ವಾದಿಸಿದ ಮನುಷ್ಯ ಇಡೀ ತುಮಕೂರು ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಭಾವ ಒಬ್ಬರೇ. ಪುಸ್ತಕ ಬೈಬಲ್. ಅದೂ ಕನ್ನಡದ್ದಲ್ಲ, ಇಂಗ್ಲಿಷಿನದು. ಭಾವ ಇಂಗ್ಲಿಷ್ ಪಂಡಿತರೇನೋ ಎಂದು ನೀವು ಅಂದುಕೊಂಡರೆ ತಪ್ಪು ನಿಮ್ಮದಲ್ಲ. ಅವರು ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಫೇಲಾದವರು. ಮೂರು ಸಲವೂ ಇಂಗ್ಲಿಷಿನಲ್ಲೇ!

ನಾನು ಪಾಸಾದವನು. ಇಂಗ್ಲಿಷಿನಲ್ಲಿ ಮೂವತ್ತೆಂಟು. ಇದನ್ನು ಇಲ್ಲಿ ಯಾಕೆ ಹೇಳಿದೆ ಎನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ನಾವು ಗುಬ್ಬಿಯ ಕಡೆಯ ಹಳೆಯ ಕ್ರೈಸ್ತ ಮನೆತನದವರು. ಮುದ್ದೆ ಉಪ್ಸಾರು ಊಟ, ಭಾನುವಾರ ಆರಾಧನೆ. ಮದುವೆಯಾದ ಮೇಲೆ ಭಾವ ತುಮಕೂರಿಗೆ ಬಂದು, ಕುಣಿಗಲ್ ರೂಟಿನ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾದರು. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಗುಮಾಸ್ತ. ಎರಡು ಮನೆಗೂ ನಡುವೆ ಒಂದೇ ಗೋಡೆ. ಹೀಗಾಗಿ ಆ ಮನೆಯಲ್ಲಿ ನಡೆದದ್ದು ಕಣ್ಣಿಗೆ ಕಾಣದಿದ್ದರೂ ಕಿವಿಗಂತೂ ಕೇಳುತ್ತಿತ್ತು.

ಎಲ್ಲ ಶುರುವಾದದ್ದು ಬಸ್ಸಿನಲ್ಲಿ. ಯಾರೋ ಪ್ರಯಾಣಿಕರು ಸೀಟಿನ ಮೇಲೆ ನೀಲಿ ರಟ್ಟಿನ ಒಂದು ಇಂಗ್ಲಿಷ್ ಬೈಬಲ್ ಬಿಟ್ಟು ಇಳಿದಿದ್ದರು. ಭಾವ ಅದನ್ನು ಒಂದು ತಿಂಗಳು ಡ್ರೈವರ್ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಓಡಾಡಿದರು. ಕೇಳಿಕೊಂಡು ಯಾರೂ ಬರಲಿಲ್ಲ. ಮನೆಗೆ ತಂದರು. ಮನೆಯಲ್ಲಿ ಅವರಪ್ಪನಿಗೆ ಮಿಷನ್ ಶಾಲೆಯಲ್ಲಿ ಬಹುಮಾನ ಬಂದ ಕರಿ ರಟ್ಟಿನ ಹಳೆಯ ಇಂಗ್ಲಿಷ್ ಬೈಬಲ್ ಒಂದಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು, ದೇವರೇ ನನ್ನ ಕುರುಬ ಎನ್ನುವ ಕೀರ್ತನೆ ತೆಗೆದರು. ನಮ್ಮವರೆಲ್ಲರಿಗೂ ಬಾಯಿಪಾಠ ಇರುವಂಥದ್ದು ಅದು. ಕರಿಯದರಲ್ಲಿ ಒಂದು ಥರ ಇತ್ತು, ನೀಲಿಯದರಲ್ಲಿ ಇನ್ನೊಂದು ಥರ!

ಬೇರೆ ಯಾರಾದರೂ ಆಗಿದ್ದರೆ ಆಕಳಿಸಿ ಮಲಗುತ್ತಿದ್ದರು. ಭಾವ ಕಂಡಕ್ಟರ್. ಬೆಳಗ್ಗೆ ಎದ್ದವರೇ ಹಿತ್ತಲ ಗೋಡೆಯ ಮೇಲಿಂದ ನನ್ನನ್ನು ಕರೆದರು.

"ಏನ್ಲಾ, ಇಲ್ಲಿ ಬಾ. ಒಂದೇ ರೂಟು. ಹತ್ತಿದ್ದೂ ಒಂದೇ ಕಡೆ, ಇಳಿದಿದ್ದೂ ಒಂದೇ ಕಡೆ. ಎರಡು ಟಿಕೆಟ್ ಬೇರೆ ಬೇರೆ ಐತೆ ಅಂದ್ರೆ ಏನರ್ಥ?"

"ಕಂಡಕ್ಟರ್ ಕಳ್ಳ ಅಂತ."

"ಅದೇ ಕಣೋ! ಅದನ್ನೇ ಹಿಡೀಬೇಕು ಈಗ."

ಅವತ್ತಿನಿಂದ ದೇವರ ವಾಕ್ಯಕ್ಕೆ ಚೆಕಿಂಗ್ ಇನ್‌ಸ್ಪೆಕ್ಟರ್ ಬಂದ ಹಾಗಾಯಿತು.

ನಮ್ಮಕ್ಕನ ಗತಿ ಕೇಳಬೇಡಿ. ಒಂದು ದಿನ ಮಧ್ಯಾಹ್ನ ಗೋಡೆಯಾಚೆ ಹೀಗೆ ಕೇಳಿಸಿತು.

"ರೀ, ಮುದ್ದೆ ಕಲ್ಲಾಗ್ತಾ ಐತೆ. ಏಳಿ."

"ಇರೇ. ಕರೀದ್ರಲ್ಲಿ ಸಾವಿನ ನೆರಳಿನ ಕಣಿವೆ ಅಂತಿತ್ತು. ಈ ನೀಲೀದ್ರಲ್ಲಿ ಬರೀ ಕತ್ತಲೆ ಕಣಿವೆ. ಹಂಗಾದ್ರೆ ಸಾವು ಎಲ್ಲೋಯ್ತು?"

"ಸಾವು ಎಲ್ಲೂ ಹೋಗಿಲ್ಲ. ಅಡುಗೆಮನೇಲಿ ಸೌಟು ಹಿಡ್ಕೊಂಡು ನಿಂತೈತೆ. ಬಂದು ಉಣ್ಣಿ!"

ಭಾವ ತಕ್ಷಣ ಎದ್ದು ಹೋಗಿ ಉಂಡರು. ಆ ಕಣಿವೆಯ ವಿಷಯದಲ್ಲಿ ಅವರಿಗಿದ್ದ ಅನುಮಾನ ಮಾತ್ರ ತೀರಲಿಲ್ಲ.

ಎರಡಿದ್ದದ್ದು ಮೂರಾಯಿತು, ನಾಲ್ಕಾಯಿತು. ಹಳೆಯ ಪುಸ್ತಕದ ಅಂಗಡಿಯಲ್ಲಿ ಒಂದು. ಊರು ಬಿಟ್ಟು ಹೊರಟಿದ್ದ ಒಬ್ಬ ಹೆಡ್‌ಮಿಸ್ಸಿನ ಮನೆಯಲ್ಲಿ ಕಪಾಟು ಸಾಗಿಸಿಕೊಟ್ಟದ್ದಕ್ಕೆ ಒಂದು. ಹೀಗೆ ಎಂಟು. ಅವುಗಳ ನಿಜವಾದ ಹೆಸರು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಭಾವ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಮ್ಮದೇ ವಿಭಾಗ ಮಾಡಿಕೊಂಡರು.

"ನೋಡೋ, ಈ ಕರೀದು ಪ್ಯಾಸೆಂಜರ್ ಗಾಡಿ. ಪ್ರತಿ ಪದಕ್ಕೂ ನಿಲ್ತದೆ. ಲೇಟಾಗ್ತದೆ, ಆದ್ರೆ ಯಾರನ್ನೂ ಬುಟ್ಟು ಹೋಗಲ್ಲ. ನೀಲೀದು ಎಕ್ಸ್‌ಪ್ರೆಸ್ಸು. ದೊಡ್ಡ ದೊಡ್ಡ ಸ್ಟಾಪು ಮಾತ್ರ. ಈ ಹಸಿರು ರಟ್ಟಿಂದು ನಾನ್‌ಸ್ಟಾಪ್. ಅರ್ಥ ಎಲ್ಲೈತೋ ಅಲ್ಲಿಗೆ ನುಗ್ಗೋದೇ, ನಡುವೆ ಯಾರು ಕೈ ಅಡ್ಡ ಹಿಡಿದ್ರೂ ಕ್ಯಾರೇ ಅನ್ನಲ್ಲ."

"ಮತ್ತೆ ಆ ಬಣ್ಣದ ಚಿತ್ರ ಇರೋದು?"

"ಅದು ಬಾಡಿಗೆ ಕಾರು ಕಣೋ. ಹತ್ತಿದೋನು ಎಲ್ಲಿಗ್ ಹೋಗಬೇಕು ಅಂತಾನೋ ಅಲ್ಲಿಗ್ ಕರ್ಕೊಂಡು ಹೋಗ್ತದೆ!"

ಆಗ ನಕ್ಕಿದ್ದೆ. ಮೂವತ್ತೆಂಟು ಮಾರ್ಕಿನವನ ನಗು. ಈಚೆಗೆ ಬೆಂಗಳೂರಿನಿಂದ ಬಂದಿದ್ದ ಒಬ್ಬ ಬೋಧಕರು ಭಾಷಾಂತರದ ಬಗ್ಗೆ ಒಂದು ಗಂಟೆ ಉಪನ್ಯಾಸ ಕೊಟ್ಟರು. ಒಂದು ಗಂಟೆಯಲ್ಲಿ ಅವರು ಹೇಳಿದ್ದೂ ಇದನ್ನೇ. ಬಸ್ಸು ಇರಲಿಲ್ಲ, ಅಷ್ಟೇ.

ಮನೆಯಲ್ಲಿ ಹುಡುಕಿದ್ದು ಸಾಲದೆ ಭಾವ ಬಸ್ಸಿನಲ್ಲೂ ಹುಡುಕತೊಡಗಿದರು. ಚರ್ಮದ ಬ್ಯಾಗಿನಲ್ಲಿ ಟಿಕೆಟ್ಟಿನ ಜೊತೆ ಒಂದು ಚೀಟಿ. ಚೀಟಿಯಲ್ಲಿ ಆ ದಿನದ ವಾಕ್ಯ, ಎಂಟು ಥರದಲ್ಲಿ. ಕುಣಿಗಲ್ಲಿನ ಕಾಲೇಜಿಗೆ ದಿನಾ ಹೋಗುತ್ತಿದ್ದ ಇಂಗ್ಲಿಷ್ ಮೇಷ್ಟ್ರೊಬ್ಬರು ಮೊದಮೊದಲು ಸಂತೋಷದಿಂದ ಉತ್ತರ ಹೇಳುತ್ತಿದ್ದರಂತೆ. ಎರಡು ವಾರ ಕಳೆದ ಮೇಲೆ ನಿದ್ದೆ ಬಂದವರ ಹಾಗೆ ಕೂರುತ್ತಿದ್ದರು. ಮೂರನೆಯ ವಾರದಿಂದ ಮುಂದಿನ ಬಸ್ಸಿಗೆ ಬಂದರು. ಆ ಮುಂದಿನ ಬಸ್ಸು ಕಾಲೇಜಿಗೆ ಇಪ್ಪತ್ತು ನಿಮಿಷ ತಡ. ಆದರೂ ಅದಕ್ಕೇ ಬಂದರು!

ಒಂದು ಸಲ ಮನೆ ಬಿಟ್ಟು ಹೋಗಿ ಹಾಳಾಗಿ ಹಿಂದಿರುಗಿದ ಮಗನ ಕಥೆ ಚೀಟಿಯಲ್ಲಿತ್ತು. ಮಗ ದೂರದಲ್ಲಿ ಬರುತ್ತಿರುವಾಗಲೇ ಅಪ್ಪ ಅವನನ್ನು ಕಂಡ. ಕಂಡಾಗ ಅಪ್ಪನಿಗೆ ಏನಾಯಿತು? ಒಂದು ಪುಸ್ತಕದಲ್ಲಿ ಕನಿಕರ, ಇನ್ನೊಂದರಲ್ಲಿ ಮರುಕ, ಮತ್ತೊಂದರಲ್ಲಿ ಹೃದಯದ ತುಂಬ ಪ್ರೀತಿ. ಯಾವುದು ಸರಿ? ಮೇಷ್ಟ್ರು ಇರಲಿಲ್ಲ. ಹೆಬ್ಬೂರಿನ ಹಾಲಿನ ಅಜ್ಜಿಯೊಬ್ಬರು ಮುಂದಿನ ಸೀಟಿನಲ್ಲಿದ್ದರು. ಭಾವ ಅವರನ್ನೇ ಕೇಳಿದರು. ಅಜ್ಜಿ ಖಾಲಿ ಕ್ಯಾನನ್ನು ಮಡಿಲಲ್ಲಿಟ್ಟುಕೊಂಡು ಕಥೆಯನ್ನು ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಇರ್ಲಿ ಕಂಡಕ್ಟ್ರೇ. ಅಪ್ಪ ಓಡ್ದ್ನಾ, ನಿಂತಿದ್ನಾ?"

"ಓಡ್ದ ಅಜ್ಜಿ. ಎಂಟ್ರಲ್ಲೂ ಓಡವ್ನೆ."

"ಇನ್ನೇನ್ ಬುಡಪ್ಪ ಮತ್ತೆ. ವಯಸ್ಸಾದ್ ಮುದುಕ ಪಂಚೆ ಎತ್ಕೊಂಡು ಓಡ್ದ್ನಲ್ಲ, ಒಳಗೆ ಏನಾಯ್ತು ಅಂತ ಬರೆದೋನ್ಗೇನ್ ಗೊತ್ತು? ಸರಿ, ನನ್ನ ಹೆಬ್ಬೂರಲ್ಲಿ ಇಳ್ಸು."

ಹೆಬ್ಬೂರು ದಾಟಿ ಮೂರು ಮೈಲಿ ಆಗಿತ್ತು!

ಭಾವ ಎದುರಿಗೆ ಬಂದ ಬಸ್ಸು ನಿಲ್ಲಿಸಿ, ಅಜ್ಜಿಯನ್ನು ಕೈಹಿಡಿದು ಹತ್ತಿಸಿ, ಟಿಕೆಟ್ಟು ಕೇಳಬೇಡ ಎಂದು ಆ ಕಂಡಕ್ಟರಿಗೆ ಹೇಳಿ ಬಂದರು. ಆ ಸಂಜೆ ನನಗೆ ಇದನ್ನು ಹೇಳುವಾಗ ಅವರಿಗೆ ನಗು ಬರುತ್ತಿರಲಿಲ್ಲ. "ಎಂಟು ಪುಸ್ತಕ ಬರೆದೋರಿಗಿಂತ ಆ ಅಜ್ಜಿ ಮೇಲು ಕಣೋ" ಎಂದು ಮೂರು ಸಲ ಹೇಳಿದರು. ಹಾಗಾದರೆ ಇನ್ನು ಪುಸ್ತಕ ಬಿಡುತ್ತಾರೇನೋ ಎಂದು ನಮ್ಮಕ್ಕ ಆಸೆಯಿಂದ ನೋಡಿದಳು. ಭಾವ ಚೀಟಿಯಲ್ಲಿ ಎಂಟರ ಪಕ್ಕ ಒಂಬತ್ತನೆಯ ಕಾಲಂ ಗೆರೆ ಎಳೆದು ಮೇಲೆ 'ಹೆಬ್ಬೂರಜ್ಜಿ' ಎಂದು ಬರೆದರು.

ಇನ್ನು ಅಂಗಿಯ ಕಥೆ. ನಮ್ಮ ಸಂಡೇಸ್ಕೂಲಿನಲ್ಲಿ ಯೋಸೇಫನ ನಾಟಕ. ತಂದೆ ಮುದ್ದಿನ ಮಗನಿಗೆ ಒಂದು ವಿಶೇಷವಾದ ಅಂಗಿ ಹೊಲಿಸಿಕೊಡುತ್ತಾನೆ, ಅಣ್ಣಂದಿರಿಗೆ ಹೊಟ್ಟೆಕಿಚ್ಚು ಬಂದು ಅವನನ್ನು ಗುಂಡಿಗೆ ತಳ್ಳುತ್ತಾರೆ. ಡೈಲಾಗು ಸರಿಯಾಗಿ ಕಲಿತವಳು ನನ್ನ ಮಗಳೊಬ್ಬಳೇ ಆದ್ದರಿಂದ ಅವಳೇ ಯೋಸೇಫ. ನನ್ನ ಹೆಂಡತಿ ಹಳೆಯ ಸೀರೆಗಳ ಅಂಚು ಕತ್ತರಿಸಿ ಏಳು ಬಣ್ಣದ ಅಂಗಿ ಹೊಲಿದಿದ್ದಳು. ನಾಟಕಕ್ಕೆ ಎರಡು ದಿನ ಇರುವಾಗ ಭಾವ ಬಂದು ನಿಂತರು.

"ಬಣ್ಣದ ಅಂಗಿ ಅಂತ ಕರೀದ್ರಲ್ಲಿ ಐತೆ, ಸರಿ. ಆದ್ರೆ ಎರಡು ಪುಸ್ತಕದಲ್ಲಿ ಉದ್ದ ತೋಳಿನ ಅಂಗಿ ಅಂತೈತಲ್ಲಮ್ಮ!"

"ಈಗೇನ್ ಮಾಡ್ಬೇಕು ಅಂತೀರಣ್ಣ?" ಎಂದಳು ನನ್ನ ಹೆಂಡತಿ. ಅವಳಿಗೆ ಭಾವನ ಮೇಲೆ ಗೌರವ. ನನ್ನ ಮೇಲೆ ಎಷ್ಟಿತ್ತೋ ಗೊತ್ತಿಲ್ಲ.

"ಎರಡಕ್ಕೂ ನ್ಯಾಯ ಆಗ್ಬೇಕು."

ಎರಡಕ್ಕೂ ನ್ಯಾಯವಾಯಿತು. ಏಳು ಬಣ್ಣವೂ ಉಳಿಯಿತು, ತೋಳು ನೆಲದ ತನಕ ಇಳಿಯಿತು. ಯೋಸೇಫ ವೇದಿಕೆಗೆ ಬಂದು ಎರಡೂ ಕೈ ಚಾಚಿ "ಅಣ್ಣಂದಿರೇ" ಎಂದಾಗ ಎಡತೋಳು ಹಿರಿಯಣ್ಣನ ಮುಖಕ್ಕೆ ಬಡಿದು ಅವನ ಅಂಟಿಸಿದ ಗಡ್ಡ ಕಿತ್ತುಬಂತು. ಬಲತೋಳನ್ನು ಅವಳೇ ತುಳಿದು, ಅಣ್ಣಂದಿರು ತಳ್ಳುವ ಮುಂಚೆಯೇ ಗುಂಡಿಗೆ ಬಿದ್ದಳು! ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಭಾವ ಮಾತ್ರ ಗಂಭೀರವಾಗಿ, "ಹಂಗಾದ್ರೆ ಉದ್ದ ತೋಳು ಇರಕ್ಕಿಲ್ಲ. ದುಡಿಯೋ ಮಗ ಅಂಥ ಅಂಗೀಲಿ ಕುರಿ ಕಾಯಕ್ಕಾಗಲ್ಲ. ಕೆಲ್ಸ ಇಲ್ಲದೆ ಮನೇಲಿ ಕೂರ್ಸಿದ್ದ ಮಗ ಆದ್ರೆ ಇರ್ಬೋದು" ಎಂದು ಚೀಟಿಯಲ್ಲಿ ಬರೆದುಕೊಂಡರು. ಅದೇ ಇರಬೇಕು ಎಂದು ನನಗೂ ಒಂದು ಕ್ಷಣ ಅನ್ನಿಸಿತ್ತು. ಆದರೆ ಹೊರಗೆ ಹೇಳಿದ್ದು ಬೇರೆ. "ಭಾವ, ನಿಮ್ಮ ಸಂಶೋಧನೇಲಿ ನನ್ನ ಮಗಳ ಹಲ್ಲು ಮುರೀತು" ಅಂದೆ. ಹಲ್ಲು ಮುರಿದಿರಲಿಲ್ಲ. ನಾಲ್ಕು ಜನ ನಕ್ಕರು, ಅಷ್ಟು ಸಾಕಾಗಿತ್ತು ನನಗೆ.

ಒಮ್ಮೆ ಕೇಳಿದ್ದೆ, "ಭಾವ, ಕನ್ನಡದಲ್ಲೇ ಓದಬಾರದಾ? ಯಾಕಿಷ್ಟು ಒದ್ದಾಟ?"

"ಕನ್ನಡದಲ್ಲಿ ಓದಿದ್ರೆ ಥಟ್ ಅಂತ ಅರ್ಥ ಆಗ್ಬುಡ್ತದೆ ಕಣೋ. ಮುಂದಕ್ಕೆ ಹೋಗ್ಬುಡ್ತೀನಿ. ಇಂಗ್ಲಿಷಲ್ಲಿ ಆದ್ರೆ ಒಂದೊಂದು ಪದದ ಹತ್ರಾನೂ ಇಳಿದು, ಡಿಕ್ಷನರಿ ನೋಡಿ, ವಿಚಾರಿಸ್ಕೊಂಡು ಹೋಗ್ಬೇಕು. ದೇವರ ಮಾತಲ್ವ, ಇಳಿದು ಮಾತಾಡ್ಸೋದೇ ಮರ್ಯಾದೆ."

ಇದಕ್ಕೂ ನಾನು ಏನೋ ಹಾಸ್ಯ ಮಾಡಿದೆ. ಏನು ಎಂದು ಈಗ ನೆನಪಿಲ್ಲ. ಅವರು ಹೇಳಿದ್ದು ಮಾತ್ರ ನೆನಪಿದೆ.

ಈಗ ತಪ್ಪಿಗೆ ಬರುತ್ತೇನೆ. ಇಷ್ಟು ಹೊತ್ತು ನಿಮ್ಮನ್ನು ನಗಿಸಿದ್ದು ಇದನ್ನು ಮುಂದೂಡುವುದಕ್ಕೇ ಎಂದು ನಿಮಗೆ ಅನ್ನಿಸಿದ್ದರೆ, ಅದು ನಿಜ.

ನಮ್ಮಲ್ಲಿ ವರ್ಷಕ್ಕೊಮ್ಮೆ ಸುಗ್ಗಿ ಹಬ್ಬ. ಆ ಭಾನುವಾರ ಪ್ರತಿ ಮನೆಯವರೂ ತಮ್ಮ ಬೆಳೆಯ ಮೊದಲ ಪಾಲನ್ನು ತಂದು ದೇವಪೀಠದ ಮುಂದೆ ಇಡುತ್ತಾರೆ. ತೆಂಗಿನಕಾಯಿ, ರಾಗಿ, ಬಾಳೆಗೊನೆ, ಕಾಲು ಕಟ್ಟಿದ ಹುಂಜ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಹೊಂಗೆ ಮರದ ಕೆಳಗೆ ತಂದು ಹರಾಜು ಹಾಕುತ್ತಾರೆ. ಬಂದದ್ದು ಸಭೆಯ ಕೆಲಸಕ್ಕೆ. ಹರಾಜು ಕೂಗುವವನು ನಾನು. ಇಪ್ಪತ್ತು ವರ್ಷದಿಂದ ನಾನೇ. ನನ್ನ ಮಾತು ಕೇಳುವುದಕ್ಕೆಂದೇ ಅಮೃತೂರಿನಿಂದ, ಊರ್ಡಿಗೆರೆಯಿಂದ ಜನ ಬರುತ್ತಿದ್ದರು. ಒಂದು ಮೊಟ್ಟೆಯನ್ನು ನಾನು ಅರ್ಧ ಗಂಟೆ ಹರಾಜು ಕೂಗಿದ್ದುಂಟು. ಕೊನೆಗೆ ಅದನ್ನು ಕೊಂಡವನು ಮನೆಗೆ ಒಯ್ದು ತಿನ್ನಲಾರದೆ ಕಾವಿಗೆ ಇಟ್ಟನಂತೆ.

ಭಾವನಿಗೆ ಹೊಲ ಇಲ್ಲ, ತೋಟ ಇಲ್ಲ. ಪ್ರತಿ ವರ್ಷ ಕೈ ಬೀಸಿಕೊಂಡು ಬಂದು ಕಾಣಿಕೆ ಹಾಕಿ ಹೋಗುತ್ತಿದ್ದರು. ಕಂಡಕ್ಟರ್ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದ ಆ ವರ್ಷ ಹೊಸ ಪಂಚೆ ಉಟ್ಟು, ಹೊಸ ಟವೆಲ್ಲಿನಲ್ಲಿ ಏನನ್ನೋ ಸುತ್ತಿ ತಂದಿದ್ದರು. ಕುಂಬಳಕಾಯಿಗಳ ನಡುವೆ ಜಾಗ ಮಾಡಿ ಅದನ್ನು ಇಟ್ಟರು. ಉದ್ದನೆಯ ನೋಟ್‌ಬುಕ್ಕು. ಕಂಡಕ್ಟರುಗಳ ಟ್ರಿಪ್ ಶೀಟಿನ ಹಾಗೆ ಗೆರೆ ಎಳೆದು, ಯೇಸುವಿನ ಜೀವನ ಹೇಳುವ ಒಂದು ಸುವಾರ್ತೆಯನ್ನು ಮೊದಲಿನಿಂದ ಕೊನೆಯವರೆಗೆ ಎಂಟು ಕಾಲಂಗಳಲ್ಲಿ ಕೈಯಲ್ಲೇ ಬರೆದು, ಪಕ್ಕದಲ್ಲಿ ತಮಗೆ ತೋಚಿದ್ದನ್ನು ಕನ್ನಡದಲ್ಲಿ ಬರೆದಿದ್ದರು. ಒಂದು ವರ್ಷದ ಬೆಳೆ. ಸಭಾಪಾಲಕರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಪ್ರಾರ್ಥನೆ ಮಾಡಿದರು. ನನ್ನ ಬಾಳೆಗೊನೆಯನ್ನು ಯಾರೂ ಎತ್ತಿ ಹಿಡಿಯಲಿಲ್ಲ.

ಗೊತ್ತಿಲ್ಲದೆ ಮಾಡಿದೆ ಎಂದು ಇಲ್ಲಿ ಬರೆಯಬಹುದು. ಸುಳ್ಳಾಗುತ್ತದೆ. ಅದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನು ನಾನು, ಎತ್ತಿ ಹಿಡಿದದ್ದು ಫೇಲಾದವರ ಇಂಗ್ಲಿಷನ್ನು!

ಹರಾಜಿನಲ್ಲಿ ಅದರ ಸರದಿ ಬಂತು. ತಲೆಯ ಮೇಲೆತ್ತಿ ಕೂಗಿದೆ. "ನೋಡ್ರಪ್ಪೋ, ಇಂಗ್ಲಿಷ್ ಕುಂಬಳಕಾಯಿ! ಸಾರಿಗೂ ಬರಲ್ಲ, ಪಲ್ಯಕ್ಕೂ ಬರಲ್ಲ. ಎಷ್ಟು ದಿನ ಇಟ್ರೂ ಕೊಳೆಯಲ್ಲ, ಗ್ಯಾರಂಟಿ!"

ಜನ ಹೋ ಎಂದು ನಕ್ಕರು. ನನಗೆ ಏರಿತು.

"ಎಂಟು ಬೈಬಲ್ ಹಾಕಿ ಅರೆದಿರೋ ಚಟ್ನಿ!"

"ಉಪ್ಪು ಹುಳಿ ಸರಿಯಾಗೈತಾ?" ಎಂದ ಗುಂಪಿನಲ್ಲಿ ಒಬ್ಬ.

"ಅದು ಮಾಡಿದೋರಿಗೇ ಇನ್ನೂ ಡೌಟು!"

ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೂ ಬೆಲೆ ಕೂಗಲಿಲ್ಲ. ಹೇಗೆ ಕೂಗುತ್ತಾರೆ, ನಾನು ಬಿಟ್ಟರೆ ತಾನೆ? "ಸರಿ, ಈ ನುಗ್ಗೇಕಾಯಿ ಕಟ್ಟು ತಗೊಂಡೋರಿಗೆ ಇದು ಫ್ರೀ!" ಅಂದೆ. ಊರ್ಡಿಗೆರೆಯ ಒಬ್ಬ ಹೆಂಗಸು ನುಗ್ಗೇಕಾಯಿ ಕೊಂಡರು. ನೋಟ್‌ಬುಕ್ಕನ್ನು ಕಟ್ಟಿನೊಳಗೆ ಸಿಕ್ಕಿಸಿ ಕೊಟ್ಟೆ.

ಭಾವ ಮೊದಲ ಸಾಲಿನಲ್ಲೇ ಕೂತಿದ್ದರು. ಅವರೂ ನಗುತ್ತಿದ್ದರು. ಎಲ್ಲರೂ ನಕ್ಕು ಮುಗಿಸಿ ಮುಂದಿನ ಹುಂಜದ ಕಡೆಗೆ ನೋಡುತ್ತಿರುವಾಗಲೂ ಅವರು ನಗುತ್ತಲೇ ಇದ್ದರು. ನಿಲ್ಲಿಸಿದರೆ ಏನಾಗುತ್ತದೋ ಎಂದು ನಿಲ್ಲಿಸದೆ ಇದ್ದ ಹಾಗಿತ್ತು. ಖಾಲಿ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಅಕ್ಕ ಸಂಜೆ ಗೋಡೆಯ ಹತ್ತಿರ ಬಂದಳು. "ಇದೇ ನನ್ನ ಬೆಳೆ ಕಣೇ ಅಂತ ಹೇಳಿ ತಂದಿದ್ರು" ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುವರ್ಷ ಸುಗ್ಗಿ ಹಬ್ಬಕ್ಕೆ ಭಾವ ಒಂದು ಕುಂಬಳಕಾಯಿ ತಂದರು. ಸಂತೆಯಲ್ಲಿ ಕೊಂಡದ್ದು! ಅದಕ್ಕೆ ಅಂಟಿದ್ದ ಮಣ್ಣನ್ನು ಒರೆಸಿ, ಅದೇ ಟವೆಲ್ಲಿನಲ್ಲಿ ಸುತ್ತಿ ತಂದು ಇಟ್ಟರು. ನಾನು ಅದನ್ನು ಜೋರಾಗಿ ಹರಾಜು ಕೂಗಿದೆ. ಒಳ್ಳೆಯ ಬೆಲೆ ಬಂತು. ಭಾವ ಚಪ್ಪಾಳೆ ತಟ್ಟಿದರು. ಅದರ ಮುಂದಿನ ವರ್ಷವೂ ಕುಂಬಳಕಾಯಿ. ಅದರ ಮುಂದಿನ ವರ್ಷವೂ. ಗೋಡೆಯಾಚೆ ಪುಟ ತಿರುಗಿಸುವ ಸದ್ದಿರಲಿಲ್ಲ, ಮುದ್ದೆ ಕಲ್ಲಾಗುತ್ತಿದೆ ಎಂದು ಅಕ್ಕ ಕೂಗುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ನಡೆಯುತ್ತಿತ್ತು.

ಒಂದು ದಿನ ತಡೆಯಲಾರದೆ ಊರ್ಡಿಗೆರೆಗೆ ಹೋದೆ. ನೋಟ್‌ಬುಕ್ಕು ತಂದುಕೊಟ್ಟುಬಿಟ್ಟರೆ ಬಾಯಿ ಬಿಟ್ಟು ಕ್ಷಮೆ ಕೇಳುವುದು ತಪ್ಪುತ್ತದಲ್ಲ ಎಂಬ ಲೆಕ್ಕಾಚಾರ. ಆಯಮ್ಮ ನನ್ನನ್ನು ನೋಡಿದವರೇ ನಗುವುದಕ್ಕೆ ಶುರುಮಾಡಿದರು.

"ಅಯ್ಯೋ, ಆ ಬುಕ್ಕಾ? ಹಂಡೆ ಒಲೆಗೆ ಹಾಕ್ದೆ ಕಣಣ್ಣ. ನೀವೇ ಹೇಳಿದ್ರಲ್ಲ, ಯಾತಕ್ಕೂ ಬರಲ್ಲ ಅಂತ. ನೀರು ಚೆನ್ನಾಗಿ ಕಾಯ್ತು!"

ಅವರ ತಪ್ಪು ಏನಿದೆ? ಹರಾಜಿನಲ್ಲಿ ವಸ್ತುವಿನ ಬೆಲೆ ಹೇಳುವವನು ನಾನು.

ಅಲ್ಲಿಂದ ಬಂದ ಮೇಲೆ ಭಾವನ ಮುಖ ನೋಡುವುದು ಕಷ್ಟವಾಯಿತು. ಬೇರೆ ದಿನ ಹೇಗೋ ತಪ್ಪಿಸಿಕೊಳ್ಳಬಹುದು, ಪ್ರಭುಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ, ಭಾನುವಾರ ಆಗುವುದಿಲ್ಲ. ಯಾಕೆಂದರೆ ಅವತ್ತು ಕಾಣಿಕೆಗಳನ್ನು ತರುವ ಮುಂಚೆ ನಮ್ಮಲ್ಲಿ ಸಮಾಧಾನ ಹಂಚುವುದು ಒಂದಿದೆ. ಸಭಾಪಾಲಕರು ಇಳಿದು ಬಂದು ಮೊದಲ ಬೆಂಚಿನವರ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿಯುತ್ತಾರೆ. ಅವರು ಪಕ್ಕದವರ ಕೈಯನ್ನು, ಪಕ್ಕದವರು ಅವರ ಪಕ್ಕದವರ ಕೈಯನ್ನು. ಹೀಗೆ ಕೈಯಿಂದ ಕೈಗೆ, ಬೆಂಚಿನಿಂದ ಬೆಂಚಿಗೆ. ನಾನೂ ಭಾವನೂ ಮೂರನೆಯ ಬೆಂಚಿನಲ್ಲಿ ಪಕ್ಕ ಪಕ್ಕ. ಅವರ ಕೈ ಹಿಡಿದು, ಮುಖ ನೋಡಿ, ತಗೊಳ್ಳಬೇಕು!

ಫ್ಯಾನು ಬೇಕು ಎಂದು ಹೇಳಿ ನಾನು ಕೊನೆಯ ಬೆಂಚಿಗೆ ಹೋದೆ. ಚಳಿಗಾಲದಲ್ಲೂ ಅಲ್ಲೇ ಕೂತೆ. ವರ್ಷಗಟ್ಟಲೆ ಕೂತೆ.

ಹೋದ ಸಲದ ಸುಗ್ಗಿ ಹಬ್ಬಕ್ಕೆ ಪ್ರಭುಭೋಜನವೂ ಸೇರಿಕೊಂಡಿತ್ತು. ಭಾವನಿಗೆ ಎಂಬತ್ತು ದಾಟಿತ್ತು. ಸಮಾಧಾನ ಮೂರನೆಯ ಬೆಂಚಿಗೆ ಬಂತು. ಭಾವ ಪಕ್ಕದವರಿಗೆ ಕೊಟ್ಟು ಕೂರಬೇಕಿತ್ತು. ಕೂರಲಿಲ್ಲ. ಕುಂಬಳಕಾ‌ಯಿಯನ್ನು ಬೆಂಚಿನ ಮೇಲೆ ಬಿಟ್ಟು, ಎದ್ದು, ನಡುದಾರಿಯಲ್ಲಿ ಹಿಂದಕ್ಕೆ ಬರತೊಡಗಿದರು. ಒಂದೊಂದು ಬೆಂಚನ್ನೂ ಹಿಡಿದುಕೊಂಡು ಬಂದರು. ಹಾಡು ಮುಗಿಸಿದ್ದ ಹಾಡುಗಾರರು, ಇನ್ನೂ ಒಬ್ಬರು ನಡೆಯುತ್ತಿದ್ದಾರೆ ಎಂದು ಮತ್ತೆ ಮೊದಲಿನಿಂದ ಎತ್ತಿಕೊಂಡರು. ಭಾವ ನನ್ನ ಮುಂದೆ ನಿಂತು ನನ್ನ ಕೈ ಹಿಡಿದರು.

"ನನ್ಮೇಲೆ ಏನೋ ಬೇಜಾರು ಮಾಡ್ಕೊಂಡಿದೀಯ ಕಣೋ ನೀನು" ಎಂದು ಪಿಸುಗುಟ್ಟಿದರು. "ಹಿಂದಕ್ಕೆ ಬಂದು ಕೂತು ಎಷ್ಟೊರ್ಷ ಆಯ್ತು. ನಾನೇನ್ ಮಾಡ್ದೆ ಅಂತ ಗೊತ್ತಾಗ್ತಿಲ್ಲ. ಎಂಟ್ರಲ್ಲೂ ನೋಡ್ದೆ. ಕಾಣಿಕೆ ಅಲ್ಲೇ ಬುಟ್ಟು, ಮೊದ್ಲು ಬೇಜಾರಾಗಿರೋ ತಮ್ಮನ್ ಹತ್ರ ಹೋಗು ಅಂತಾನೇ ಐತೆ. ಏನಿದ್ರೂ ನನ್ನದೇ ತಪ್ಪು ಅಂದ್ಕೊ. ಬುಟ್ಬುಡಪ್ಪ."

ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇತ್ತೇ? ಅದಕ್ಕಿಂತ ಒಳ್ಳೆಯ ಹೊತ್ತು? ಇಪ್ಪತ್ತು ವರ್ಷ ಹೊಂಗೆ ಮರದ ಕೆಳಗೆ ಒಂದು ಮಾತಿಗೂ ತಡವರಿಸದ ಬಾಯಿ ಇದು. ಅದರಿಂದ ಬಂದದ್ದು ಇಷ್ಟು: "ಆಯ್ತು ಬಿಡಿ ಭಾವ. ಏನೂ ಇಲ್ಲ."

ನಾನು ಅವರನ್ನು ಕ್ಷಮಿಸಿಬಿಟ್ಟೆ!

ಅವರ ಮುಖ ಅರಳಿತು. ಹಗುರವಾಗಿ ನನ್ನ ಭುಜ ತಟ್ಟಿ, ಮತ್ತೆ ಒಂದೊಂದೇ ಬೆಂಚು ಹಿಡಿದುಕೊಂಡು ಹೋಗಿ, ಕುಂಬಳಕಾಯಿಯನ್ನು ಎತ್ತಿಕೊಂಡು ದೇವಪೀಠದ ಹತ್ತಿರ ನಡೆದರು. ಮಧ್ಯಾಹ್ನ ನಾನು ಅದನ್ನು ಹರಾಜು ಹಾಕಿದೆ. ಮೂರು ವಾರಕ್ಕೆ ಭಾವ ಹೋಗಿಬಿಟ್ಟರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಅವರ ಸ್ಮರಣೆಯ ಆರಾಧನೆಯಲ್ಲಿ ಎರಡು ಮಾತು ಹೇಳು ಎಂದು ನನ್ನನ್ನೇ ಎಬ್ಬಿಸಿದರು. ಹೆಬ್ಬೂರಜ್ಜಿಯ ಕಥೆ ಹೇಳಿದೆ, ಅಂಗಿಯ ಕಥೆ ಹೇಳಿದೆ. ಜನ ಕಣ್ಣೀರು ಒರೆಸಿಕೊಳ್ಳುತ್ತಾ ನಕ್ಕರು. ನೋಟ್‌ಬುಕ್ಕಿನ ಕಥೆ ಹೇಳಲಿಲ್ಲ. ಇಳಿದು ಬಂದಾಗ ಎಷ್ಟು ಚೆನ್ನಾಗಿ ಮಾತಾಡಿದ್ರಿ ಎಂದು ಎಲ್ಲರೂ ಹೊಗಳಿದರು.

ಮೊನ್ನೆ ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಒಲೆಗೆ ಹೋದದ್ದು, ಬೆಂಚು ಬದಲಾಯಿಸಿದ್ದು, ಅವರನ್ನು ನಾನು ಕ್ಷಮಿಸಿದ್ದು. ತಪ್ಪಾಯ್ತು ಕಣಕ್ಕ ಅಂದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಂಗ್ಯಾಕೆ ಹೇಳ್ತೀಯ? ಅವ್ರಿಗೆ ಹೇಳು. ಊರೋರ ಹತ್ರೆಲ್ಲ ನಮ್ ಭಾವ, ನಮ್ ಭಾವ ಅಂತ ಕಥೆ ಹೇಳಿ ನಗಿಸ್ದೆ. ಅವ್ರಿಗೊಂದು ಹೆಸ್ರಿರ್ಲಿಲ್ವಾ?"

ಇತ್ತು. ನಮ್ಮಲ್ಲಿ ಅಕ್ಕನ ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಐವತ್ತು ವರ್ಷದಲ್ಲಿ ಒಂದು ಸಲವೂ ನಾನು ಕರೆದವನಲ್ಲ. ಆದರೆ ಕ್ಷಮೆ ಕೇಳುವಾಗ ಯಾರನ್ನು ಕೇಳುತ್ತಿದ್ದೇನೆ ಎಂದು ಹೇಳಬೇಕಲ್ಲವೇ? ತಪ್ಪಾಯಿತು. ಅದು ಕುಂಬಳಕಾಯಿ ಆಗಿರಲಿಲ್ಲ, ಬೆಳೆ ಆಗಿತ್ತು. ನನಗೆ ಗೊತ್ತಿತ್ತು, ಜಯಶೀಲ.